ಲಗ್ನದ ಟೈಪಿನಲ್ಲಿ ಗೌರವ್ವನ ಹೆಸರು

ಮೊನ್ನೆ ಶಿಗ್ಗಾಂವಿಗೆ ಹೊರಟಿದ್ದ ಬಸ್ಸು ಸವಣೂರಿನಲ್ಲಿ ಕೆಟ್ಟು ನಿಂತಿತು. ಕಂಡಕ್ಟರ್ ಹತ್ತು ಮಿನಿಟು ಅಂದ. ಕಂಡಕ್ಟರುಗಳ ಹತ್ತು ಮಿನಿಟನ್ನು ನಂಬುವ ವಯಸ್ಸು ನನ್ನದಲ್ಲ. ಇಳಿದು ಪೇಟೆಯ ಕಡೆ ನಡೆದೆ. ಒಂದು ಸೈಕಲ್ ರಿಪೇರಿ ಅಂಗಡಿಯ ಮುಂದೆ ಒಬ್ಬಾತ ಚೈನನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅರಿವೆಯಿಂದ ಉಜ್ಜುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ಮುಂದೆ ಹೋಗಲಿಲ್ಲ.

"ಏನ್ ಬೇಕ್ರಿ ಅಜ್ಜಾರ?" ಅಂದ.

"ಏನೂ ಬ್ಯಾಡಪಾ. ವಾಸನಿ ತಗೊಳ್ಳಾಕತ್ತೇನಿ."

ಆತ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಮತ್ತೆ ಚೈನಿಗೆ ಕೈ ಹಾಕಿದ. ತಲೆ ಕೆಟ್ಟ ಮುದುಕ ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಸೀಮೆಎಣ್ಣೆ, ಕರಿ ಜಿಡ್ಡು, ಒದ್ದೆ ಅರಿವೆ ಈ ಮೂರೂ ಒಂದೆಡೆ ಕೂಡಿದರೆ ನನಗೆ ನೆನಪಾಗುವ ಜಾಗ ಒಂದೇ. ಅದು ಇಮಾಮಸಾಹೇಬರ ಅಚ್ಚುಕೂಟ. ಅಲ್ಲಿ ನಾನು ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಎಷ್ಟೋ ವರ್ಷ ದುಡಿದರೂ ಈಗ ನೆನಪಿನಲ್ಲಿ ಉಳಿದಿರುವುದು ಒಂದು ಮಿರಗದ ಮಳೆ, ಅಂದರೆ ಮೃಗಶಿರದ ಮಳೆ, ಮಾತ್ರ.

ಎರಡನೇ ಮಹಾಯುದ್ಧದ ಕಾಲ ಅದು. ಸವಣೂರು ಆಗ ಇನ್ನೂ ಸಂಸ್ಥಾನ. ನಾನು ಮಾಸೂರಿನವನು. ಅಪ್ಪ ಅವ್ವ ಇಬ್ಬರೂ ತೀರಿಕೊಂಡ ಮೇಲೆ ಅಣ್ಣಂದಿರು ಹೊಲ ಹಂಚಿಕೊಂಡರು. ನನ್ನ ಪಾಲಿಗೆ ಬಂದ ತುಂಡಿಗೆ ಮದಗದ ಕೆರೆಯ ನೀರು ಹತ್ತುತ್ತಿರಲಿಲ್ಲ. ಅದನ್ನೂ ಅಣ್ಣಂದಿರಿಗೇ ಬಿಟ್ಟು, ಕಲಿತಿದ್ದ ನಾಲ್ಕಕ್ಷರ ನಂಬಿ ಸವಣೂರಿಗೆ ಬಂದೆ. ಲಗ್ನವಾಗಿರಲಿಲ್ಲ. ಯಾರಾದರೂ ಮುಂದೆ ನಿಂತು ಮಾಡಬೇಕಲ್ಲ, ನಿಲ್ಲುವವರು ಇರಲಿಲ್ಲ. ಅಚ್ಚುಕೂಟದ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದೆ, ಪೇಟೆಯ ಖಾನಾವಳಿಯಲ್ಲಿ ಉಣ್ಣುತ್ತಿದ್ದೆ. ಅಲ್ಲಿ ಬಡಿಸುವವನು 'ರೊಟ್ಟಿ ಬೇಕೇನ್ರಿ' ಎಂದು ಕೇಳುವುದೇ ಕೆಲವು ದಿನ ನನ್ನೊಡನೆ ಯಾರಾದರೂ ಆಡಿದ ಕೊನೆಯ ಮಾತಾಗಿರುತ್ತಿತ್ತು.

ಇಮಾಮಸಾಹೇಬರು ಒಳ್ಳೆಯ ಮನುಷ್ಯ. ಬಾಯಿ ತುಂಬ ಸವಣೂರ ಎಲೆ, ಮೇಜಿನ ತುಂಬ ಅರ್ಧ ಮುಗಿದ ಕೆಲಸ. ಅವರ ಅಚ್ಚುಕೂಟದಲ್ಲಿ ಕಾಲಿನಿಂದ ತುಳಿಯುವ ಒಂದು ಟ್ರೆಡಲ್ ಯಂತ್ರ, ಕನ್ನಡ ಮೊಳೆಗಳನ್ನು ಇಡುವ ಕೇಸುಗಳೆಂಬ ಮರದ ಖಾನೆಗಳು, ಸವೆದು ಮೊಂಡಾದ ಒಂದು ನೆಟ್ಟಗಿನ ಇಂಗ್ಲಿಷ್ ಟೈಪು ಇದ್ದವು. ಇವೆಲ್ಲಕ್ಕಿಂತ ಬೇರೆಯಾಗಿ, ಗೋಡೆಯ ಮೇಲಿನ ಹಲಗೆಯಲ್ಲಿ, ಬಿಳಿ ಅರಿವೆ ಮುಚ್ಚಿಕೊಂಡು ಒಂದು ಕೇಸು ಇರುತ್ತಿತ್ತು. ಅದರಲ್ಲಿದ್ದದ್ದು ಓರೆ ಇಂಗ್ಲಿಷ್ ಅಕ್ಷರ. ಮುಂಬಯಿಯಲ್ಲಿ ಮೊಳೆ ಎರಕ ಹೊಯ್ಯುವ ಒಂದು ಫೌಂಡ್ರಿಯಿಂದ ಯುದ್ಧಕ್ಕೆ ಮುಂಚೆ ಸಾಹೇಬರು ತರಿಸಿದ್ದು. ಫೌಂಡ್ರಿಯವರು ಅದಕ್ಕೆ ಏನೋ ದೊಡ್ಡ ಹೆಸರಿಟ್ಟಿದ್ದರು. ನಮ್ಮಲ್ಲಿ ಎಲ್ಲರೂ 'ಲಗ್ನದ ಟೈಪು' ಎನ್ನುತ್ತಿದ್ದೆವು.

ಅಂಥ ಚಂದದ ಅಕ್ಷರವನ್ನು ನಾನು ಮತ್ತೆ ನೋಡಲಿಲ್ಲ. ಪ್ರತಿ ಅಕ್ಷರವೂ ಬಲಕ್ಕೆ ಸ್ವಲ್ಪ ಬಾಗಿ, ಎದುರು ಬಂದವರಿಗೆ ಶರಣು ಹೇಳುವ ಹಾಗೆ ನಿಂತಿರುತ್ತಿತ್ತು. ಕೆಳಗಿಳಿಯುವ ಗೆರೆ ದಪ್ಪ, ಮೇಲೇರುವ ಗೆರೆ ಕೂದಲೆಳೆ. ದಪ್ಪ ಎಲ್ಲಿ ಮುಗಿಯಿತು, ತೆಳುವು ಎಲ್ಲಿ ಸುರುವಾಯಿತು ಎಂದು ಹುಡುಕಿದರೂ ಸಿಗದಂತೆ ಒಂದರೊಳಗೊಂದು ಕರಗಿರುತ್ತಿದ್ದವು. ಗೆರೆಗಳ ತುದಿಗೆ ಸಣ್ಣ ಚೂಪು ಬಾಲ. ದೊಡ್ಡ 'ಜಿ' ಅಕ್ಷರದ ಹೊಟ್ಟೆಯನ್ನು ಕೊರೆದವನು ಯಾರೋ, ಯಾವ ಊರಿನವನೋ, ಅವನ ಕೈಗೆ ನಾನು ಎಷ್ಟೋ ಸಲ ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ. ಸೀಸದ ಮೊಳೆಯ ಮೇಲೆ ಇದೆಲ್ಲ ಉಲ್ಟಾ ಇರುತ್ತದೆ, ಅಕ್ಷರ ಎಡಕ್ಕೆ ಬಾಗಿರುತ್ತದೆ. ನನಗೆ ಹಾಗೆ ನೋಡಿಯೇ ರೂಢಿ.

ಚಂದವಿದ್ದಷ್ಟೂ ಅದರ ಕಾಟ. 'ಎಫ್' ಅಕ್ಷರದ ಕುತ್ತಿಗೆ ಮೊಳೆಯ ಮೈ ದಾಟಿ ಪಕ್ಕದ ಮೊಳೆಯ ಮೇಲೆ ಚಾಚಿಕೊಂಡಿರುತ್ತಿತ್ತು. ಪಕ್ಕದಲ್ಲಿ ಎತ್ತರದ ಅಕ್ಷರ ಬಂದರೆ ಕುತ್ತಿಗೆ ಮುರಿದು ಬೀಳುವುದೇ. ಒರಟು ಕಾಗದ ಕೊಟ್ಟರೆ ಕೂದಲೆಳೆಯ ಗೆರೆಗಳು ಮೂಡುತ್ತಲೇ ಇರಲಿಲ್ಲ. ಮಸಿ ಒಂದಿಷ್ಟು ಹೆಚ್ಚಾದರೆ ಅಕ್ಷರದ ಕಣ್ಣುಗಳೆಲ್ಲ ಮುಚ್ಚಿಹೋಗುತ್ತಿದ್ದವು. ನುಣುಪಾದ ದಪ್ಪ ಕಾರ್ಡು ಬೇಕು, ಮಸಿ ಹದವಾಗಿರಬೇಕು, ಯಂತ್ರವನ್ನು ಮೆಲ್ಲಗೆ ತುಳಿಯಬೇಕು. ಹೀಗಾಗಿ ಅದನ್ನು ಸಿಕ್ಕಿದ್ದಕ್ಕೆಲ್ಲ ಬಳಸುತ್ತಿರಲಿಲ್ಲ. ಅಪರೂಪಕ್ಕೆ ದರ್ಬಾರಿನ ಆಮಂತ್ರಣ, ಸಾಲಿಯ ಪರೀಕ್ಷೆಯಲ್ಲಿ ಮೊದಲು ಬಂದವರಿಗೆ ಕೊಡುವ ಪತ್ರ, ಯಾರೋ ಅತ್ತರಿನ ವ್ಯಾಪಾರಿಯ ಚೀಟಿ. ಉಳಿದಂತೆ ಉಳ್ಳವರ ಮನೆಯ ಲಗ್ನಪತ್ರಿಕೆಗಳು. ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಓರೆ ಇಂಗ್ಲಿಷು. ಹಳ್ಳಿಗಳಲ್ಲಿ ಓದಲು ಬಾರದವರೂ ಆ ಬಾಗಿದ ಅಕ್ಷರ ಕಂಡರೆ ಸಾಕು, ಯಾರದೋ ಮನೆಯಲ್ಲಿ ಮದುವೆ ಎಂದು ತಿಳಿಯುತ್ತಿದ್ದರು.

ಈ ಪತ್ರಿಕೆಗಳನ್ನು ಊರೂರಿಗೆ ಮುಟ್ಟಿಸುವವನು ಫಕೀರಪ್ಪ. ಶಿಗ್ಗಾಂವಿ ಕಡೆಯವನು, ಐವತ್ತು ದಾಟಿದ ಗಟ್ಟಿ ಆಳು. ಅಕ್ಷರ ಅವನಿಗೆ ಬರುತ್ತಿರಲಿಲ್ಲ, ದಾರಿಗಳೆಲ್ಲ ಬರುತ್ತಿದ್ದವು. ಲಗ್ನದ ಟೈಪಿನ ಕೇಸಿನ ಪಕ್ಕದಲ್ಲೇ ಒಂದು ಡಬ್ಬಿಯಲ್ಲಿ ಅರಿಷಿಣ ಕಲಸಿಟ್ಟಿರುತ್ತಿದ್ದ. ಅಚ್ಚಾದ ಕಾರ್ಡು ಒಣಗಿದ ಮೇಲೆ ಒಂದೊಂದರ ನಾಲ್ಕೂ ಮೂಲೆಗೆ ಬೆರಳಿಂದ ಅರಿಷಿಣ ಹಚ್ಚಿ, ಅರಿವೆಯಲ್ಲಿ ಕಟ್ಟಿಕೊಂಡು ಹೊರಡುತ್ತಿದ್ದ. ಮನೆಮನೆಗೆ ಹೋಗಿ ಬಾಯಿಯಿಂದ ಹೇಳಿ, ಕಾರ್ಡು ಕೈಗೆ ಕೊಡುವುದು. ಮನೆಯವರು ಅದನ್ನು ಗೋಡೆಯಲ್ಲಿನ ದೇವರ ಗೂಡಿನಲ್ಲಿ ಇಡುವುದು. ಓದುವುದು ಯಾರಿಗೂ ಬೇಕಾಗಿರಲಿಲ್ಲ.

ಆ ವರ್ಷ ಮಿರಗ ಹೊತ್ತಿಗೆ ಸರಿಯಾಗಿ ಹಿಡಿದಿತ್ತು. ಹೊರಗೆ ಜಿಟಿಜಿಟಿ ಮಳೆ. ಒಳಗೆ ರೇಶನ್ನಿನ ಫಾರ್ಮುಗಳ ಅವಸರ. ಕನ್ನಡದ ಮೊಳೆಗಳೆಲ್ಲ ಆ ಫಾರ್ಮುಗಳಲ್ಲಿ ಕಟ್ಟಿಕೊಂಡು ಚೌಕಟ್ಟಿನಲ್ಲಿ ಸಿಕ್ಕಿದ್ದವು, ನೆಟ್ಟಗಿನ ಇಂಗ್ಲಿಷೂ ಅವುಗಳ ತಲೆಬರಹಕ್ಕೆ ಹೋಗಿತ್ತು. ಸರಕಾರಿ ಕೆಲಸ, ಬಿಚ್ಚುವ ಹಾಗಿರಲಿಲ್ಲ. ಅಂಥ ಒಂದು ಮಧ್ಯಾಹ್ನ ರುದ್ರಗೌಡ ವಕೀಲರು ಕೊಡೆ ಮಡಚುತ್ತ ಒಳಗೆ ಬಂದರು.

ವಕೀಲರು ಊರಿಗೆಲ್ಲ ಗೊತ್ತಿದ್ದವರು. ಹಿರೇಕೆರೂರಿನ ದೊಡ್ಡ ಮನೆತನದವರು. ಮೊದಲು ಹಾನಗಲ್ಲಿನಲ್ಲಿ ವಕೀಲಿ ಮಾಡಿ, ಆಮೇಲೆ ಸವಣೂರಿಗೆ ಬಂದು ನೆಲೆಸಿದ್ದರು. ಮನೆತನದವರು ಅವರೊಡನೆ ಮಾತು ಬಿಟ್ಟು ಬಹಳ ವರ್ಷಗಳಾಗಿದ್ದವು. ಅವರು ಮದುವೆಯಾದ ಗೌರವ್ವ ಮೊದಲೇ ಒಮ್ಮೆ ಮದುವೆಯಾಗಿ ಗಂಡನನ್ನು ಕಳೆದುಕೊಂಡಿದ್ದವರು. ಅಂಥವಳನ್ನು ಮನೆಗೆ ತಂದ ಎಂದು ಅಣ್ಣತಮ್ಮಂದಿರು ಬಾಗಿಲು ಮುಚ್ಚಿದರು. ಸವಣೂರಿನಲ್ಲೂ ಜನ ವಕೀಲರ ಬಳಿ ಖಟ್ಲೆಗೆ ಬರುತ್ತಿದ್ದರು, ಅವರ ಮನೆಯ ಊಟಕ್ಕೆ ಬರುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಆ ವಾರ ಗೌರವ್ವ ಜ್ವರದಿಂದ ತೀರಿಕೊಂಡಿದ್ದರು.

ಇಮಾಮಸಾಹೇಬರು ಎದ್ದು ಕುರ್ಚಿ ಕೊಟ್ಟರು. ವಕೀಲರು ಕೊಡೆಯನ್ನು ಗೋಡೆಗೆ ಒರಗಿಸಿ ಕೂತರು.

"ಶಿವಗಣಾರಾಧನಿಗೆ ಕಾರ್ಡು ಹಾಕಸ್ಬೇಕ್ರಿ ಸಾಹೇಬ್ರ," ಅಂದರು.

"ಹಾಕೋಣ್ರಿ. ಆದ್ರ ಕನ್ನಡ ಮೊಳಿ ಒಂದೂ ಖಾಲಿ ಇಲ್ರಿ. ನಾಕು ದಿನ ತಡೀರಿ."

"ನಾಕು ದಿನ ತಡದ್ರ ಹಳ್ಳಿಗೆ ಮುಟ್ಟಸಾಕ ದಿನ ಉಳಿಯೂದಿಲ್ಲ. ಇಂಗ್ಲಿಷಿನ್ಯಾಗ ಹಾಕ್ರಿ."

"ಅದರಾಗ ಈಗ ಇರೋದು…" ಸಾಹೇಬರು ನನ್ನ ಮುಖ ನೋಡಿದರು. "ಲಗ್ನದ ಟೈಪು ಒಂದ ಐತ್ರಿ. ಅದು ಇಂಥಾದ್ದಕ್ಕ ನಡ್ಯಾಂಗಿಲ್ಲ ವಕೀಲ್ರ."

ವಕೀಲರು ಆ ಅಕ್ಷರ ತೋರಿಸಿ ಎಂದರು. ನಾನು ಹಳೆಯ ಒಂದು ಲಗ್ನಪತ್ರಿಕೆ ತಂದು ಕೊಟ್ಟೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ, ಬೆರಳಿಂದ ಸವರಿದರು.

"ನಮ್ಮ ಲಗ್ನಕ್ಕ ಕಾರ್ಡು ಹಾಕ್ಸಲಿಲ್ರಿ," ಅಂದರು. "ಯಾರಿಗೆ ಕೊಡೋದಿತ್ತು? ಮಠದಾಗ ಮೂರು ಮಂದಿ ನಿಂತು ಮಾಡ್ಕೊಂಡ್ವಿ. ಆಕಿ ಹೆಸರು ಎಲ್ಲೂ ಅಚ್ಚಾಗಿಲ್ಲ. ಇದರಾಗ ಹಾಕ್ರಿ."

ಸಾಹೇಬರು ಎದ್ದು ಹೋಗಿ ಹಲಗೆಯ ಮೇಲಿನ ಬಿಳಿ ಅರಿವೆಯನ್ನು ತಾವೇ ತೆಗೆದರು.

ವಕೀಲರು ಅಲ್ಲೇ ಕೂತು ಇಂಗ್ಲಿಷಿನಲ್ಲಿ ಒಕ್ಕಣೆ ಬರೆದರು. ನಾನು ಅದನ್ನು ಓದಿ ತಲೆ ಕೆರೆದುಕೊಂಡೆ. ಫೌಂಡ್ರಿಯವರು ಮೊಳೆ ಎರಕ ಹೊಯ್ಯುವುದು ಇಂಗ್ಲಿಷರ ಭಾಷೆಯ ಲೆಕ್ಕದಲ್ಲಿ. ಅವರಿಗೆ 'ವ್ಹಿ' ಅಕ್ಷರ ಹೆಚ್ಚು ಬೇಕಾಗುವುದಿಲ್ಲ, ಸ್ವಲ್ಪವೇ ಕಳಿಸುತ್ತಾರೆ. ನಮ್ಮ ಹೆಸರುಗಳಿಗೆ ನೋಡಿದರೆ ಅದೇ ಬೇಕು. ಬಸವ್ವ, ಶಿವಪ್ಪ, ವೀರಭದ್ರ. ಪ್ರತಿ ಲಗ್ನದಲ್ಲೂ ಅದಕ್ಕೇ ನಮಗೆ ಪರದಾಟ. ಮೊಳೆ ಸವೆದು, ಮುರಿದು, ಚೆನ್ನಾಗಿ ಉಳಿದಿದ್ದವು ನಾಲ್ಕೇ. ಯುದ್ಧ ಮುಗಿಯದೆ ಮುಂಬಯಿಯಿಂದ ಇನ್ನೊಂದು ಬರುವ ಮಾತೇ ಇರಲಿಲ್ಲ.

"ವಕೀಲ್ರ, ಈ ಅಕ್ಷರ ನಾಕ ಅದಾವ್ರಿ," ಎಂದು ವಕೀಲರಿಗೆ ತೋರಿಸಿದೆ. "ಅವ್ವಾರ ಹೆಸರಿಗೇ ಎರಡು ಹೋಗ್ತಾವ."

"ಆಕಿ ಹೆಸರು ಎರಡು ಸಲ ಬರ್ಬೇಕು," ಅಂದರು. "ಮ್ಯಾಲೊಮ್ಮೆ, ನಡುವ ಒಮ್ಮೆ."

"ಹಂಗಾರ ಉಳಿದದ್ದರಾಗ ಒಂದೂ ಬರಬಾರದ್ರಿ."

ಅವರು ಕಾಗದ ಮರಳಿ ಇಸಿದುಕೊಂಡರು. ಒಂದೊಂದೇ ಶಬ್ದ ಹೊಡೆಯುತ್ತ ಹೋದರು. ಶಿವಗಣಾರಾಧನೆ ಎಂಬುದರಲ್ಲಿ ಆ ಅಕ್ಷರವಿತ್ತು, ಅದನ್ನು ಹೊಡೆದು ನೆನಪಿನ ಊಟ ಎಂಬರ್ಥದ ಇಂಗ್ಲಿಷ್ ಮಾತು ಬರೆದರು. ಕೊನೆಗೆ ಕೆಳಗಿನ ಸಾಲಿನಲ್ಲಿ ಸವಣೂರು ಉಳಿಯಿತು. ಅದರಲ್ಲೂ 'ವ್ಹಿ' ಇದೆ. ವಕೀಲರು ಪೆನ್ಸಿಲಿನಿಂದ ಅದನ್ನೂ ಹೊಡೆದರು.

"ಊರ ಹೆಸರು ಬ್ಯಾಡ ತಗೀರಿ," ಅಂದರು. "ಆಕಿ ಹೋದ ದಿನ ಉಡಿ ತುಂಬಾಕ ಈ ಊರಾಗ ಒಬ್ಬ ಹೆಣ್ಮಗಳೂ ಬರ್ಲಿಲ್ಲ. ಗಂಡ ಇರೂಮುಂದ ಹೋದಾಕಿ, ಮುತ್ತೈದಿ. ಬರ್ರಿ ಅಂತ ನಾನ ಹೋಗಿ ನಾಕು ಮನಿ ಬಾಗಲಾ ಬಡದೇನಿ. ಮೊದಲ ಒಮ್ಮೆ ಕುಂಕುಮ ಅಳಿಸಿದಾಕಿಗೆ ಎಲ್ಲಿ ಉಡಿ ಅಂದ್ರು. ಬರೇ ಸೀರಿ ಉಡಿಸಿ ಮಣ್ಣಿಗಿಟ್ಟು ಬಂದೆ."

ಇಷ್ಟು ಹೇಳಿ ಎದ್ದು, ಕೊಡೆಯನ್ನು ಮರೆತು, ಮಳೆಯಲ್ಲೇ ಹೋದರು. ನಮ್ಮ ಕಡೆ ಗಂಡನಿಗಿಂತ ಮೊದಲು ಹೋಗುವ ಹೆಂಗಸಿಗೆ ಮಡಿಲಲ್ಲಿ ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಇಟ್ಟು ಮುತ್ತೈದೆಯರು ಉಡಿ ತುಂಬಿ ಕಳಿಸುತ್ತಾರೆ. ಬಡವಿಯಾಗಲಿ ಶ್ರೀಮಂತಳಾಗಲಿ, ಅದು ಎಲ್ಲರಿಗೂ ಸಿಗುತ್ತದೆ. ಆ ಸಂಜೆ ನಾನು ಗೌರವ್ವನ ಹೆಸರು ಜೋಡಿಸಿದೆ. ದೊಡ್ಡ 'ಜಿ'ಯಿಂದ ಸುರು ಮಾಡಿ, ಜೋಡಿ 'ವ್ಹಿ' ಇಟ್ಟು, ಎರಡರ ನಡುವೆ ತೆಳ್ಳನೆಯ ಕಾಗದದ ತುಣುಕು ಸೇರಿಸಿ ಉಸಿರಾಡಲು ಜಾಗ ಕೊಟ್ಟೆ. ನಾನು ಮಾಡಿದ ಎಲ್ಲ ಕೆಲಸದಲ್ಲಿ ಅದೇ ಚಂದದ್ದು. ಅವರನ್ನು ನಾನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ.

ಕಾರ್ಡುಗಳು ಒಣಗಿದ ದಿನ ನಾನು ಫಾರ್ಮುಗಳ ಗಂಟು ಹೊತ್ತು ಕಚೇರಿಗೆ ಹೋಗಿದ್ದೆ. ಫಕೀರಪ್ಪ ಎರಡು ವಾರ ತನ್ನ ಊರಲ್ಲಿ ಬಿತ್ತನೆಗೆಂದು ಉಳಿದಿದ್ದವನು ಅವತ್ತೇ ಬಂದ. ಸಾಹೇಬರು ಕಚೇರಿಯ ಜವಾನನೊಡನೆ ಕಾಗದದ ಜಗಳ ಆಡುತ್ತಲೇ, "ವಕೀಲ್ರ ಕಾರ್ಡು ಅದಾವ, ಬರೂ ಸೋಮವಾರ ಅವರ ಮನ್ಯಾಗ ಊಟ, ಹಳ್ಳಿ ಪಕ್ಷಗಾರರಿಗೆಲ್ಲ ಮುಟ್ಟಿಸಿ ಬಾ," ಎಂದು ಕಟ್ಟು ತೋರಿಸಿದರು. ಅವನು ತೆಗೆದುಕೊಂಡು ಹೋದ.

ಆರಾಧನೆಯ ಹಿಂದಿನ ದಿನ ಸಂಜೆ ಫಕೀರಪ್ಪ ಮರಳಿ ಬಂದ. ಮೊಣಕಾಲುತನಕ ಕೆಸರು, ಮುಖದ ತುಂಬ ನಗು. ನನ್ನನ್ನು ಕಂಡವನೇ ಹೇಳಿದ.

"ಎಲ್ಲಾರೂ ಬರ್ತಾರ್ರಿ ಚನ್ನಪ್ಪನವರ. ಹಾನಗಲ್ಲ ಕಡೆ, ಬಂಕಾಪುರ ಕಡೆ ಒಂದು ಮನಿ ಬಿಟ್ಟಿಲ್ಲ. ತಿಳವಳ್ಳಿಗೂ ಹೋಗಿ ಬಂದೆ. ಬಿತ್ತಿಗಿ ಬಿಟ್ಟು ಬರ್ತೇವಿ ಅಂದ್ರು. ಆದ್ರ ಎಲ್ಲಾರೂ ಒಂದ ಕೇಳ್ತಾರ. ವಕೀಲ್ರಿಗೆ ಮಕ್ಕಳಿಲ್ಲ, ಮದಿವಿ ಯಾರದ್ರಿ?"

ಮೊಳೆ ಜೋಡಿಸುವ ಸ್ಟಿಕ್ಕನ್ನು ಕೆಳಗಿಟ್ಟೆ. ಎದ್ದು ಅರಿಷಿಣದ ಡಬ್ಬಿ ನೋಡಿದೆ. ತಳ ಕಾಣುತ್ತಿತ್ತು.

"ಹಚ್ಚಿಯೇನೋ?" ಅಂದೆ.

"ಹಚ್ಚದ ಕೊಡ್ತೇನೇನ್ರಿ? ಓರಿ ಅಕ್ಷರದ ಕಾರ್ಡು. ನಾಕೂ ಮೂಲಿಗೆ ಹಚ್ಚೇನಿ."

ಅವನಿಗೂ ಸಾಹೇಬರಿಗೂ ವಿಷಯ ಹೇಳಿದೆ. ಸಾಹೇಬರು ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವನನ್ನು ಬೈಯುವುದಾದರೂ ಹೇಗೆ? ಆ ಅಕ್ಷರದ ಕಾರ್ಡಿಗೆ ಅರಿಷಿಣ ಹಚ್ಚಬೇಡ ಎಂದು ಅವನಿಗೆ ಜನ್ಮದಲ್ಲಿ ಯಾರೂ ಹೇಳಿರಲಿಲ್ಲ. ಸತ್ತವರ ಮನೆಯ ಕಾಗದಕ್ಕೆ ಅರಿಷಿಣ ಬಿತ್ತು, ಮಂಗಳಕಾರ್ಯಕ್ಕೆಂದು ಹೊರಟವರು ಸೂತಕ ಕಳೆಯುವ ಮನೆಗೆ ಬಂದು ನಿಲ್ಲುತ್ತಾರೆ. ಇದಕ್ಕಿಂತ ಅಪಶಕುನ ನಮ್ಮ ಕಡೆ ಇಲ್ಲ. ಹೇಳಿ ಕಳಿಸೋಣವೆಂದರೆ ದೂರದವರ ಗಾಡಿಗಳು ಆಗಲೇ ದಾರಿಯಲ್ಲಿದ್ದವು.

ಮೂವರೂ ವಕೀಲರ ಮನೆಗೆ ಹೋದೆವು. ಫಕೀರಪ್ಪ ಅಂಗಳದಲ್ಲೇ ಮಳೆಯಲ್ಲಿ ನಿಂತ. ಸಾಹೇಬರು ತಡವರಿಸುತ್ತ ಎಲ್ಲ ಹೇಳಿದರು. ವಕೀಲರು ಸಿಟ್ಟಾಗುತ್ತಾರೆ, ನನ್ನ ಕೆಲಸವೂ ಹೋಗುತ್ತದೆ ಎಂದುಕೊಂಡು ನಾನು ಗೋಡೆಗೆ ಒರಗಿದ್ದೆ.

"ಊರಾಗ ಯಾರೂ ಬರೂದಿಲ್ಲ ಅಂತ ಹೇಳಿ ಕಳಿಸ್ಯಾರ," ಅಂದರು ವಕೀಲರು. "ಹಳ್ಳಿಯವರರ ಬರ್ತಾರ ಅಂತ ಮಾಡಿದ್ದೆ. ಈಗ ಬಾಗಲ ತನಕ ಬಂದು, ಥೂ ಅಂದು ಹೊಳ್ಳಿ ಹೋಗ್ತಾರ." ಆಮೇಲೆ ಅಂಗಳದ ಕಡೆ ನೋಡಿ, "ಅಂವನ್ನ ಒಳಗ ಕರೀರಿ, ನೆನ್ಯಾಕತ್ತಾನ," ಅಂದರು.

ಮರುದಿನ ಮಳೆ ಬಿಟ್ಟಿತ್ತು. ಅಂಗಳದಲ್ಲಿ ಸಣ್ಣ ಹಂದರ. ಒಳಗೆ ಅಗಲವಾದ ಒಂದು ಮಣೆಯ ಮೇಲೆ ಗೌರವ್ವನ ಹಸಿರು ಸೀರೆ ಮಡಚಿ ಇಟ್ಟು, ಮುಂದೆ ದೀಪ ಹಚ್ಚಿದ್ದರು. ಮಠದ ಅಯ್ಯನವರು ಒಬ್ಬರು ಬಂದು ಪೂಜೆ ಮುಗಿಸಿದ್ದರು. ಗೋಧಿ ಹುಗ್ಗಿ ದೊಡ್ಡ ಹಂಡೆಯಲ್ಲಿ ಆರುತ್ತಿತ್ತು. ಊರಿನಿಂದ ಬಂದವರೆಂದರೆ ವಕೀಲರ ಕಾರಕೂನ, ಸಾಹೇಬರು, ನಾನು. ಫಕೀರಪ್ಪ ಜನಕ್ಕೆ ಮುಖ ತೋರಿಸಲಾರದೆ ಹಿತ್ತಲಿನಲ್ಲಿ ಉಳಿದಿದ್ದ. ಎದುರು ಮನೆಯ ಕಟ್ಟೆಯ ಮೇಲೆ ಮಾತ್ರ ಹೆಂಗಸರು ಗುಂಪಾಗಿ ಕೂತಿದ್ದರು. ಏನಾಗುವುದೋ ನೋಡುವುದಕ್ಕೆ ಎಲ್ಲರಿಗೂ ಬಿಡುವಿರುತ್ತದೆ.

ಹೊತ್ತೇರುವ ಹೊತ್ತಿಗೆ ಗಾಡಿಗಳು ಬಂದವು. ಎತ್ತುಗಳ ಕೊರಳಿಗೆ ಗೆಜ್ಜೆ, ಹೆಂಗಸರ ಕೈ ತುಂಬ ಹೊಸ ಬಳೆ, ಮಕ್ಕಳ ತಲೆಗೆ ಜರಿ ಟೋಪಿ. ಒಂದು ಗಾಡಿಯಲ್ಲಿ ಸನಾದಿಯವನನ್ನೂ ಕೂರಿಸಿಕೊಂಡು ಬಂದಿದ್ದರು. ವಕೀಲರು ಬಾಗಿಲಲ್ಲಿ ಬರಿಮೈಮೇಲೆ ಧೋತರ ಹೊದ್ದು ಕೈ ಮುಗಿದು ನಿಂತರು. ಅವರನ್ನೂ, ಅವರ ಹಿಂದೆ ಹಂದರಕ್ಕೆ ತೋರಣವಿಲ್ಲದ್ದನ್ನೂ ನೋಡಿ ಗಾಡಿ ಹೊಡೆಯುವವರು ಎತ್ತುಗಳ ಹಗ್ಗ ಜಗ್ಗಿದರು. ಸನಾದಿಯವನು ಬಾಯಿಗೆ ಹಿಡಿದಿದ್ದ ಸನಾದಿಯನ್ನು ಮೆಲ್ಲನೆ ಕೆಳಗಿಳಿಸಿದ.

"ಮದಿವಿ ಅಲ್ರಿ," ಅಂದರು ವಕೀಲರು. "ನಮ್ಮ ಮನಿಯಾಕಿ ತೀರಿಕೊಂಡಾಳ. ಕಾರ್ಡಿನ್ಯಾಗ ಗದ್ದಲ ಆತು. ಸಿಟ್ಟು ಮಾಡಬ್ಯಾಡ್ರಿ."

ಒಬ್ಬ ಎತ್ತರದ ಗೌಡ ಗಾಡಿಯಿಂದಲೇ ಕೂಗಿದ. "ಇದೇನ್ರಿ ಚಾಷ್ಟಿ? ನಮ್ಮ ಮನ್ಯಾಗ ಬಸರಿ ಹೆಣ್ಮಗಳು ಅದಾಳ. ಅರಿಷಿಣ ಹಚ್ಚಿ ಕರದು ಇಂಥಾದ್ದು ತೋರಸ್ತೀರೇನು?" ಅವನ ಗಾಡಿ ತಿರುಗಿತು. ಅದರ ಹಿಂದೆ ಇನ್ನೊಂದು ತಿರುಗಿತು. ಎದುರು ಕಟ್ಟೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಕೀಲರು ಮುಗಿದ ಕೈ ಇಳಿಸದೆ ಹಾಗೆಯೇ ನಿಂತಿದ್ದರು. ಆ ಹೊತ್ತಿನಲ್ಲಿ ನನಗೆ ಓಡಿಹೋಗಿ ಎತ್ತುಗಳ ಮೂಗುದಾರ ಹಿಡಿದು ಎಲ್ಲರನ್ನೂ ನಿಲ್ಲಿಸಬೇಕೆನಿಸಿತು. ಧೈರ್ಯವಾಗಲಿಲ್ಲ.

ಆಗ ಎಲ್ಲಕ್ಕಿಂತ ಹಿಂದಿದ್ದ ಗಾಡಿಯಿಂದ ಒಬ್ಬ ಮುದುಕಿ ಗಂಡನ ಹೆಗಲು ಹಿಡಿದು ಇಳಿದಳು. ತಿಳವಳ್ಳಿಯ ನೀಲವ್ವ. ಹಿಂದಿನ ದಿನವೇ ಹೊರಟು ರಾತ್ರಿ ಬಂಕಾಪುರದಲ್ಲಿ ಉಳಿದು ಬಂದಿದ್ದವಳು. ಕಂಕುಳಲ್ಲಿ ಒಂದು ಗಂಟು.

"ಯಾರು ಹೋಗ್ಯಾರ? ಗೌರವ್ವನ?" ಎಂದು ಕೇಳಿದಳು.

ವಕೀಲರು ಹೌದೆಂದು ತಲೆಯಾಡಿಸಿದರು.

"ಅಯ್ಯ ಶಿವನ," ಎಂದು ಮುದುಕಿ ನೆಲಕ್ಕೆ ಕೂತಳು. "ನಮ್ಮ ಹೊಲದ ಖಟ್ಲೆ ನಡದಾಗ ತಾರೀಖಿಗೆ ಬಂದಾಗೊಮ್ಮೆ ಬಿಸಿ ರೊಟ್ಟಿ ಬಡದು ಹಾಕಿದಾಕಿ. ಹಳ್ಳಿ ಮಂದಿ ಅಂತ ಹೊರಗ ಕುಂದರಿಸಿದಾಕಿ ಅಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಉಡಿ ಯಾರು ತುಂಬಿದ್ರು?"

ಎದುರು ಕಟ್ಟೆಯಿಂದ ಒಬ್ಬಾಕೆ, "ಆಕಿದು ಎರಡನೇ ಸಂಬಂಧ ಐತಬೇ ಯವ್ವಾ. ಅಂಥಾವ್ರಿಗೆ ಉಡಿ ಇಲ್ಲ," ಎಂದಳು.

ನೀಲವ್ವ ಆ ಕಡೆ ತಿರುಗಿ ನೋಡಿದಳು. "ನಿನ್ನ ಕೇಳಿದ್ನೇನ?" ಅಂದಳು. "ಇಲ್ಲಲ್ಲ. ಹಂಗಾರ ಕುಂದ್ರು."

ಗಂಟು ಎತ್ತಿಕೊಂಡು, ಕಾಲು ತೊಳೆದು, ಒಳಗೆ ಹೋದಳು. ಮದುಮಗಳಿಗೆಂದು ತಂದಿದ್ದು ಅದು. ಕೆಂಪು ಅಂಚಿನ ಒಂದು ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು. ಸೀರೆಯ ಮುಂದೆ ಕೂತು, ಅದರ ಸೆರಗನ್ನು ಬಿಡಿಸಿ ಹರಡಿ, ಒಂದೊಂದಾಗಿ ಅದರಲ್ಲಿ ತುಂಬಿದಳು. ಬದುಕಿದ್ದವಳೊಡನೆ ಆಡುವ ಹಾಗೆಯೇ ಏನೋ ಮೆಲ್ಲಗೆ ಆಡುತ್ತಿದ್ದಳು. ನನಗೆ ಕೇಳಿಸಲಿಲ್ಲ.

ಆಮೇಲೆ ಇನ್ನೊಬ್ಬಳು ಗಾಡಿಯಿಂದ ಇಳಿದಳು. ಇನ್ನೊಬ್ಬಳು. ಮಾತಿಲ್ಲ ಕಥೆಯಿಲ್ಲ, ಸಾಲಾಗಿ ಒಳಗೆ ಹೋಗಿ ತಂದದ್ದನ್ನೆಲ್ಲ ಆ ಸೆರಗಿಗೆ ಹಾಕಿ ಬಂದರು. ಸೆರಗು ಸಾಲದೆ ಮಣೆಯ ಸುತ್ತ ಇಟ್ಟರು. ಗಂಡಸರು ತಲೆಯ ಪಟಗಾ ಬಿಚ್ಚಿ ಹಂದರದಲ್ಲಿ ಊಟಕ್ಕೆ ಕೂತರು. ತಿರುಗಿ ಹೋದ ಎರಡು ಗಾಡಿಗಳು ಮಾತ್ರ ಮರಳಿ ಬರಲಿಲ್ಲ. ವಕೀಲರು ಕಂಬ ಹಿಡಿದು, ಮಕ್ಕಳ ಹಾಗೆ ದನಿ ತೆಗೆದು ಅತ್ತರು. ನಾನೂ ಹುಗ್ಗಿಯ ಸೌಟು ಹಿಡಿದು ಅತ್ತೆ. ಗೌರವ್ವನಿಗಾಗಿ ಅತ್ತೆ ಎಂದರೆ ಪೂರ್ತಿ ನಿಜವಾಗುವುದಿಲ್ಲ. ನಾನು ಹೋದ ದಿನ ಹೀಗೆ ಯಾವ ಊರಿನ ಗಾಡಿ ಬಂದೀತು ಎಂಬುದೂ ಆ ಅಳುವಿನಲ್ಲಿತ್ತು.

ಹೊತ್ತು ಇಳಿಯುವ ಮುಂದೆ ಗಾಡಿಗಳು ಹೊರಟವು. ಕಾರಕೂನ ಹಂಡೆ ತೊಳೆಯಿಸಲು ಹೋದ, ಸಾಹೇಬರು ನಮಾಜಿಗೆ ಹೋದರು. ವಕೀಲರು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಉಂಡರು. ಉಂಡ ಮೇಲೆ ಒಳಗೆ ಹೋಗಿ ಸೀರೆಯ ಸುತ್ತಲಿದ್ದ ಖಣಗಳನ್ನು ಎತ್ತಿ ತಂದು ನನ್ನ ಮುಂದೆ ಇಟ್ಟರು. ಇಳಕಲ್ಲಿನವು, ಗುಳೇದಗುಡ್ಡದವು, ಕೆಂಪು, ಹಸಿರು, ನೇರಳೆ. ದೊಡ್ಡ ರಾಶಿಯೇ ಆಯಿತು. ಉಡಿ ತುಂಬಿದ್ದನ್ನು ಮನೆಯ ಹೆಣ್ಣುಮಕ್ಕಳಿಗೆ ಹಂಚುವುದು ಪದ್ಧತಿ, ಇಟ್ಟುಕೊಳ್ಳುವಂತಿಲ್ಲ.

"ತಗೋರಿ ಚನ್ನಪ್ಪ," ಅಂದರು. "ಮನ್ಯಾಗ ಹೆಣ್ಮಕ್ಕಳಿಗೆ ಕೊಡ್ರಿ."

"ನಮ್ಮ ಮನ್ಯಾಗ ಯಾರೂ ಇಲ್ರಿ," ಅಂದೆ.

ಅವರು ನನ್ನ ಮುಖವನ್ನು ಅವತ್ತೇ ಮೊದಲ ಸಲ ಸರಿಯಾಗಿ ನೋಡಿದರು ಅನಿಸಿತು. ಆಮೇಲೆ ಇಬ್ಬರೂ ಖಣಗಳನ್ನು ಒಂದೊಂದಾಗಿ ಮಡಚಲು ಸುರು ಮಾಡಿದೆವು. ಹೇಗೆ ಮಡಚಬೇಕೆಂಬುದು ಇಬ್ಬರಿಗೂ ಗೊತ್ತಿರಲಿಲ್ಲ.